ಥಿಂದ್ ಕಥೆಯಲ್ಲಿ ನಾವು ನುಂಗಿಕೊಂಡ ಅರ್ಧ

ಕಳೆದ ತಿಂಗಳು ಒಂದು ಪದವಿ ಕಾಲೇಜಿನ ಭಾಷಣ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ವಿಷಯ ‘ಹೊರನಾಡಿನಲ್ಲಿ ಭಾರತೀಯರ ಸಾಧನೆ’. ನಿರೀಕ್ಷಿಸಿದ ಹೆಸರುಗಳೆಲ್ಲ ಬಂದು ಹೋದವು. ಕಂಪನಿಗಳ ಮುಖ್ಯಸ್ಥರು, ಬಾಹ್ಯಾಕಾಶ ಯಾತ್ರಿ, ನೊಬೆಲ್ ಪಡೆದವರು. ನಾನು ಅಂಕಪಟ್ಟಿಯ ಅಂಚಿನಲ್ಲಿ ಗೀಚುತ್ತ ಕೂತಿದ್ದೆ. ಆಗ ಎರಡನೇ ವರ್ಷದ ಬಿ.ಎ. ಹುಡುಗಿಯೊಬ್ಬಳು ಬಂದು ಭಗತ್ ಸಿಂಗ್ ಥಿಂದ್ ಎಂಬ ಹೆಸರು ಹೇಳಿದಳು. ಸಭೆ ಗಲ್ಲಿಗೇರಿದ ಭಗತ್ ಸಿಂಗ್ ಎಂದೇ ತಿಳಿದು ಚಪ್ಪಾಳೆ ತಟ್ಟಿತು. ಅವಳು ಕೈ ಎತ್ತಿ ತಡೆದು, ‘ಇವರು ಬೇರೆ’ ಎಂದಳು. ಪಂಜಾಬಿನಿಂದ ಅಮೆರಿಕಕ್ಕೆ ಹೋದವರು, ತಲೆಯ ಮೇಲಿನ ಪೇಟ ತೆಗೆಯದೆ ಆ ದೇಶದ ಸೈನ್ಯ ಸೇರಿದವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕಕ್ಕಾಗಿ ಹೋರಾಡಿದವರು. ಆದರೂ ಅವರ ಮೈಬಣ್ಣ ನೋಡಿ ಅಲ್ಲಿನ ಸುಪ್ರೀಂ ಕೋರ್ಟು ಪೌರತ್ವ ಕಿತ್ತುಕೊಂಡಿತು. ಅವಳ ಗಂಟಲು ಕಟ್ಟಿತು. ಈ ಸಲ ಚಪ್ಪಾಳೆ ಸರಿಯಾದ ಜಾಗಕ್ಕೆ ಬಿತ್ತು.

ಮೊದಲ ಬಹುಮಾನ ಅವಳಿಗೇ ಹೋಯಿತು. ಅತಿ ಹೆಚ್ಚು ಅಂಕ ಕೊಟ್ಟವನು ನಾನೇ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಹೊಟ್ಟೆಯೊಳಗೆ ಏನೋ ಚುಚ್ಚತೊಡಗಿತು. ಅವಳು ಹೇಳಿದ್ದು ಅರ್ಧ ಕಥೆ. ಉಳಿದರ್ಧ ನನಗೆ ಗೊತ್ತಿತ್ತು. ತೀರ್ಪುಗಾರನ ಮಾತಿಗೆಂದು ಮೈಕ್ ಕೈಗೆ ಕೊಟ್ಟಾಗ ನಾನು ಹೇಳಬಹುದಿತ್ತು. ಹುಡುಗಿಯ ಸಂತೋಷ ಯಾಕೆ ಕೆಡಿಸಬೇಕು ಎಂದು ಸುಮ್ಮನಾದೆ. ಇದೇ ಅರ್ಧ ಕಥೆ ವಾಟ್ಸಾಪಿನಲ್ಲಿ, ಅನಿವಾಸಿ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ, ಯೂಟ್ಯೂಬ್ ವಿಡಿಯೋಗಳಲ್ಲಿ ಸುತ್ತುತ್ತಿದೆ. ನಮ್ಮಂಥವರು ಸುಮ್ಮನಿರುವುದರಿಂದಲೇ ಅದು ಸುತ್ತುತ್ತಿದೆ.

ಮೊದಲು ಅವಳು ಹೇಳಿದ್ದರಲ್ಲಿ ನಿಜ ಎಷ್ಟು ಎಂದು ನೋಡಿಬಿಡೋಣ. ಥಿಂದ್ ಹುಟ್ಟಿದ್ದು 1892ರಲ್ಲಿ, ಅಮೃತಸರ ಜಿಲ್ಲೆಯ ಹಳ್ಳಿಯಲ್ಲಿ. 1913ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಸಿಯಾಟಲ್ ಬಂದರಿನಲ್ಲಿ ಇಳಿದ. ಓದಿಗೆ ದುಡ್ಡು ಹೊಂದಿಸಲು ಆರಿಗನ್‌ನ ಮರದ ಮಿಲ್ಲುಗಳಲ್ಲಿ ದುಡಿದ. 1918ರ ಜುಲೈ 22ರಂದು ಸೈನ್ಯ ಸೇರಿದ. ವಾಷಿಂಗ್ಟನ್ ರಾಜ್ಯದ ಕ್ಯಾಂಪ್ ಲೂಯಿಸ್‌ನಲ್ಲಿ ತರಬೇತಿ. ಪೇಟದ ಮಾತು ನಿಜ. ಸಮವಸ್ತ್ರದ ಮೇಲೆ ಪೇಟ ಸುತ್ತಿ ನಿಂತ ಆತನ ಫೋಟೋ ಇವತ್ತಿಗೂ ಇದೆ. ನವೆಂಬರ್ 8ರಂದು ಹಂಗಾಮಿ ಸಾರ್ಜೆಂಟ್ ಆದ. ಮೂರೇ ದಿನಕ್ಕೆ ಯುದ್ಧ ಮುಗಿಯಿತು. ಡಿಸೆಂಬರ್ 16ರಂದು ಗೌರವಪೂರ್ವಕ ಬಿಡುಗಡೆ; ನಡತೆಯ ಕಾಲಂನಲ್ಲಿ ‘ಅತ್ಯುತ್ತಮ’ ಎಂಬ ಷರಾ.

ಲೆಕ್ಕ ಹಾಕಿದರೆ ಐದು ತಿಂಗಳೂ ತುಂಬದ ಸೇವೆ. ಫ್ರಾನ್ಸಿನ ಕಂದಕಗಳನ್ನು ಆತ ಕಣ್ಣಿನಿಂದಲೂ ನೋಡಲಿಲ್ಲ. ನಮ್ಮ ವೀರಗಾಥೆಗಳು ಆತನನ್ನು ರಣರಂಗಕ್ಕೆ ಕಳಿಸುವುದು ಯಾಕೆಂದರೆ, ಕ್ಯಾಂಪಿನಲ್ಲಿ ಕವಾಯತು ಮಾಡಿದವನಿಗೆ ಅನ್ಯಾಯವಾದರೆ ನಮಗೆ ಅಷ್ಟು ಸಂಕಟವಾಗುವುದಿಲ್ಲ, ರಕ್ತ ಬೇಕು. ಈ ‘ರಕ್ತ ಬೇಕು’ ಎಂಬ ಚಪಲದ ಬಗ್ಗೆ ಮುಂದೆ ಹೇಳುತ್ತೇನೆ.

ಅನ್ಯಾಯವಾದದ್ದಂತೂ ನಿಜ, ಅದೂ ಎಂಥದ್ದು! 1918ರ ಮೇ 9ರ ಕಾಯ್ದೆಯೊಂದು ಅಮೆರಿಕದ ಸೈನ್ಯದಲ್ಲಿದ್ದ ವಿದೇಶೀಯರಿಗೆ ಬೇಗ ಪೌರತ್ವ ಸಿಗುವ ದಾರಿ ತೆರೆದಿತ್ತು. ಅದರಂತೆ ಡಿಸೆಂಬರ್ 9ರಂದು ಥಿಂದ್‌ಗೆ ಪೌರತ್ವ ಸಿಕ್ಕಿತು. ನಾಲ್ಕು ದಿನಕ್ಕೆ, ‘ಈತ ಬಿಳಿಯನಲ್ಲ’ ಎಂದು ರದ್ದಾಯಿತು. ಮತ್ತೆ ಮೂರು ದಿನಕ್ಕೆ ಸೈನ್ಯ ಆತನಿಗೆ ‘ಅತ್ಯುತ್ತಮ’ ಎಂದು ಬರೆದುಕೊಟ್ಟಿತು. ಒಂದೇ ವಾರದಲ್ಲಿ ಪ್ರಜೆ, ಪರಕೀಯ, ಅತ್ಯುತ್ತಮ ಯೋಧ. ಮೈಮೇಲಿನ ಸಮವಸ್ತ್ರ ಮಾತ್ರ ಮೂರಕ್ಕೂ ಒಂದೇ. 1920ರ ನವೆಂಬರಿನಲ್ಲಿ ಆರಿಗನ್‌ನ ನ್ಯಾಯಾಧೀಶರೊಬ್ಬರು ಮತ್ತೆ ಪೌರತ್ವ ಕೊಟ್ಟರು. ಸರ್ಕಾರ ಬಿಡಲಿಲ್ಲ. ಗದರ್ ಪಕ್ಷದವರ ಒಡನಾಟವಿದೆ ಎಂಬ ಗುಮಾನಿಯೂ ಆತನ ಹಿಂದೆ ಬಿದ್ದಿತ್ತು. ಮೊಕದ್ದಮೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ತಲುಪಿತು.

ಇಲ್ಲಿಂದ ಮುಂದಿನದು ಭಾಷಣ ಸ್ಪರ್ಧೆಗಳಲ್ಲಿ ಬರುವುದಿಲ್ಲ.

1790ರ ಅಮೆರಿಕದ ಕಾನೂನು ಪೌರತ್ವ ಪಡೆಯುವ ಹಕ್ಕನ್ನು ‘ಸ್ವತಂತ್ರ ಬಿಳಿಯರಿಗೆ’ ಮೀಸಲಿಟ್ಟಿತ್ತು. ಅಂತರ್ಯುದ್ಧ ಮುಗಿದ ಮೇಲೆ, 1870ರಲ್ಲಿ, ಆಫ್ರಿಕನ್ ಮೂಲದವರನ್ನು ಸೇರಿಸಿದರು. ನಡುವೆ ಉಳಿದವರು ನಾವು, ಅಂದರೆ ಏಷ್ಯಾದವರು. 1922ರ ನವೆಂಬರಿನಲ್ಲಿ ತಕಾವೊ ಒಜಾವಾ ಎಂಬ ಜಪಾನಿ ಮೂಲದವನ ಅರ್ಜಿಯನ್ನು ಅದೇ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಬಿಳಿಯ ಎಂದರೆ ಕಕೇಸಿಯನ್ ಜನಾಂಗದವನು, ಚರ್ಮದ ಬಣ್ಣವೊಂದರಿಂದಲೇ ಅದು ತೀರ್ಮಾನವಾಗುವುದಿಲ್ಲ ಎಂದಿತು. ತೀರ್ಪು ಬರೆದವನು ನ್ಯಾಯಮೂರ್ತಿ ಜಾರ್ಜ್ ಸದರ್‌ಲ್ಯಾಂಡ್. ಥಿಂದ್ ಪರ ವಕೀಲರಿಗೆ ಇದು ಹಬ್ಬದಂತೆ ಕಂಡಿರಬೇಕು. ಅಂದಿನ ಜನಾಂಗಶಾಸ್ತ್ರದ ಪುಸ್ತಕಗಳು ಉತ್ತರ ಭಾರತದವರನ್ನು ಕಕೇಸಿಯನ್, ಆರ್ಯ ಎಂದು ಬರೆದಿದ್ದವು. ಹಾಗಾದರೆ ಥಿಂದ್ ಕಕೇಸಿಯನ್, ಕಕೇಸಿಯನ್ ಎಂದರೆ ಬಿಳಿಯ, ಲೆಕ್ಕ ಸರಿಹೋಯಿತಲ್ಲ!

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕಾನೂನು ಕೇಳಿದ ಪ್ರಶ್ನೆಗೆ ವಕೀಲ ಕಾನೂನಿನ ಭಾಷೆಯಲ್ಲೇ ಉತ್ತರಿಸಬೇಕು, ಒಪ್ಪುತ್ತೇನೆ. ಆದರೆ ಥಿಂದ್ ಪರವಾಗಿ ಸಲ್ಲಿಸಿದ ವಾದಪತ್ರ ಒಂದು ಹೆಜ್ಜೆ ಮುಂದೆ ಹೋಯಿತು. ಈತ ಮೇಲ್ಜಾತಿಯವನು, ಜಾತಿಯ ಕಟ್ಟುಪಾಡಿನಿಂದಾಗಿ ಇವರ ರಕ್ತ ಬೆರಕೆಯಾಗಿಲ್ಲ ಎಂದಿತು. ಅದೂ ಸಾಲದೆಂದು, ಮದುವೆ ಸಂಬಂಧದ ವಿಷಯ ಬಂದಾಗ ಭಾರತದ ಮೇಲ್ಜಾತಿಯವನು ಅಲ್ಲಿನ ಮೂಲನಿವಾಸಿ ‘ಮಂಗೋಲಾಯ್ಡ್’ ಜನರನ್ನು ನೋಡುವ ರೀತಿಯೂ ಅಮೆರಿಕದವನು ನೀಗ್ರೋ ಜನರನ್ನು ನೋಡುವ ರೀತಿಯೂ ಒಂದೇ ಎಂದು ಸೇರಿಸಿತು. ಬಿಡಿಸಿ ಹೇಳಿದರೆ ಇಷ್ಟೇ: ಸ್ವಾಮಿ, ನೀವು ನಿಮ್ಮಲ್ಲಿ ಯಾರನ್ನು ಹೊರಗಿಟ್ಟಿದ್ದೀರೋ ಹಾಗೆಯೇ ನಾವೂ ನಮ್ಮಲ್ಲಿ ಕೆಲವರನ್ನು ಹೊರಗಿಟ್ಟಿದ್ದೇವೆ, ನಾವು ನೀವು ಒಂದೇ ಕುಲ, ಒಳಗೆ ಬಿಡಿ.

ವಾದಿಸಿದವರಲ್ಲಿ ಮುಖ್ಯರು ಸಖಾರಾಂ ಗಣೇಶ ಪಂಡಿತ್. 1914ರಲ್ಲೇ ಅಮೆರಿಕದ ಪೌರತ್ವ ಪಡೆದಿದ್ದ ಬ್ರಾಹ್ಮಣ ವಕೀಲರು. ಜಾತಿಯನ್ನೇ ಒಪ್ಪದ ಗುರುಗಳ ಪರಂಪರೆಯಲ್ಲಿ ಹುಟ್ಟಿದ ಸಿಖ್ಖನೊಬ್ಬನನ್ನು, ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಲಂಗರಿನ ಮಗನನ್ನು, ‘ಮೇಲ್ಜಾತಿ ಹಿಂದೂ’ ಎಂದು ಕೋರ್ಟಿನ ಮುಂದೆ ನಿಲ್ಲಿಸಲಾಯಿತು. ‘ಹಿಂದೂ’ ಎಂಬುದು ಆಗ ಅಮೆರಿಕದವರು ಭಾರತದಿಂದ ಬಂದ ಎಲ್ಲರಿಗೂ, ಮುಸಲ್ಮಾನರಿಗೂ ಸೇರಿಸಿ, ಅಂಟಿಸುತ್ತಿದ್ದ ಚೀಟಿ. ಅದರ ತಪ್ಪು ಅವರದ್ದು. ‘ಮೇಲ್ಜಾತಿ’ ಎಂಬುದನ್ನು ಮಾತ್ರ ನಾವೇ ಇಲ್ಲಿಂದ ಹಡಗಿನಲ್ಲಿ ಹೊತ್ತು ಒಯ್ದೆವು.

1923ರ ಫೆಬ್ರವರಿ 19ರಂದು ತೀರ್ಪು ಬಂತು. ಮತ್ತೆ ಸದರ್‌ಲ್ಯಾಂಡನದೇ ಲೇಖನಿ, ಎಲ್ಲ ನ್ಯಾಯಮೂರ್ತಿಗಳ ಒಮ್ಮತ. ಮೂರು ತಿಂಗಳ ಹಿಂದೆ ತಾನೇ ಎತ್ತಿ ಹಿಡಿದಿದ್ದ ‘ಕಕೇಸಿಯನ್’ ಪದವನ್ನು ಆತ ಈಗ ಮೆಲ್ಲಗೆ ಕೆಳಗಿಟ್ಟ. ವಿಜ್ಞಾನದ ಪುಸ್ತಕ ಏನೇ ಹೇಳಲಿ, ಬಿಳಿಯ ಎಂದರೆ ಸಾಮಾನ್ಯ ಮನುಷ್ಯ ಯಾರನ್ನು ಹಾಗೆಂದು ತಿಳಿಯುತ್ತಾನೋ ಅವನು ಎಂದ. ಜಾತಿಯ ಕಟ್ಟುಪಾಡಿದ್ದರೂ ಪಂಜಾಬಿನಲ್ಲಿ ರಕ್ತ ಬೆರೆತೇ ಇದೆ ಎಂದೂ ಸೇರಿಸಿದ. ಈ ಸದರ್‌ಲ್ಯಾಂಡ್ ಯಾರು? ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಷೈರಿನಲ್ಲಿ ಹುಟ್ಟಿ, ಕೂಸಾಗಿದ್ದಾಗ ಅಪ್ಪ ಅಮ್ಮನ ಜೊತೆ ಯೂಟಾಗೆ ಬಂದವನು. ಅವನೂ ವಲಸಿಗನೇ!

ಈ ತೀರ್ಪಿನ ಕಪಟದ ಬಗ್ಗೆ ಎಷ್ಟು ಬೇಕಾದರೂ ಬರೆಯಬಹುದು, ಅಮೆರಿಕದ ವಿದ್ವಾಂಸರೇ ಬರೆದಿದ್ದಾರೆ. ನನ್ನ ಜಗಳ ಇರುವುದು ನಮ್ಮವರ ಜೊತೆ. ನಾವು ಈ ಕಥೆ ಹೇಳುವಾಗ ಸದರ್‌ಲ್ಯಾಂಡನ ವರ್ಣಭೇದವನ್ನು ಬಾಯಿತುಂಬ ಹೇಳುತ್ತೇವೆ, ವಾದಪತ್ರದ ಜಾತಿಭೇದವನ್ನು ನುಂಗಿಕೊಳ್ಳುತ್ತೇವೆ. ಎರಡೂ ಒಂದೇ ಮೊಕದ್ದಮೆಯ ಕಡತದಲ್ಲಿವೆ. ಒಂದು ಹಾಳೆ ಓದಿ ಇನ್ನೊಂದನ್ನು ಮಗುಚಿಡುವುದು ಓದಲ್ಲ.

ಥಿಂದ್ ಸಿಯಾಟಲ್‌ನಲ್ಲಿ ಇಳಿದ ಅದೇ 1913ರ ಜುಲೈ ತಿಂಗಳಲ್ಲಿ ಆ ದೇಶದ ಇನ್ನೊಂದು ತುದಿಯಲ್ಲಿ, ನ್ಯೂಯಾರ್ಕಿನಲ್ಲಿ, ಇನ್ನೊಬ್ಬ ಭಾರತೀಯ ಯುವಕ ಇಳಿದರು. ಹೆಸರು ಭೀಮರಾವ್ ಅಂಬೇಡ್ಕರ್. ಅವರ ತಂದೆ ರಾಮಜಿ ಬ್ರಿಟಿಷ್ ಭಾರತೀಯ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಮಗ ಹುಟ್ಟಿದ್ದೇ ಮಹೂವಿನ ದಂಡುಪ್ರದೇಶದಲ್ಲಿ. ಕಂಪನಿ ಸರ್ಕಾರದ ಕಾಲದಿಂದ ಬ್ರಿಟಿಷರಿಗಾಗಿ ಕಾದಿದ ಮಹಾರರನ್ನು, 1890ರ ದಶಕದಲ್ಲಿ ‘ಸಮರಶೂರ ಕುಲ’ಗಳ ಸಿದ್ಧಾಂತ ಮುಂದಿಟ್ಟು ಸೈನ್ಯದ ಭರ್ತಿಯಿಂದ ಹೊರಗಿಡಲಾಯಿತು. ಅದೇ ಸಿದ್ಧಾಂತ ಸಿಖ್ಖರನ್ನು ಎತ್ತಿ ಮೇಲೆ ಕೂರಿಸಿತು. ಸೈನ್ಯದ ಏಣಿಯನ್ನು ಬೇಕಾದಾಗ ಹಾಕುತ್ತಾರೆ, ಬೇಡವಾದಾಗ ತೆಗೆಯುತ್ತಾರೆ ಎಂಬುದು ಅಂಬೇಡ್ಕರ್ ಮನೆಯೊಳಗೇ ಗೊತ್ತಿದ್ದ ಸಂಗತಿ. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಹಿಂದೂಗಳು ಬೇರೆ ನಾಡುಗಳಿಗೆ ವಲಸೆ ಹೋದರೆ ಜಾತಿ ಇಡೀ ಜಗತ್ತಿನ ಸಮಸ್ಯೆಯಾಗುತ್ತದೆ ಎಂಬ ಕೇತ್ಕರರ ಮಾತನ್ನು ಅದರಲ್ಲಿ ನೆನಪಿಸಿದರು. ಏಳು ವರ್ಷ ಕಳೆಯುವಷ್ಟರಲ್ಲಿ ಅದೇ ದೇಶದ ಸುಪ್ರೀಂ ಕೋರ್ಟಿನಲ್ಲಿ ಜಾತಿ ವಾದಪತ್ರದ ರೂಪದಲ್ಲಿ ನಿಂತಿತ್ತು.

‘ಅಯ್ಯೋ, ನೂರು ವರ್ಷ ಹಳೆಯ ಮಾತು ಬಿಡಿ’ ಎನ್ನುವವರಿಗೆ ಒಂದು ದಿನಾಂಕ ಕೊಡುತ್ತೇನೆ. 2023ರ ಫೆಬ್ರವರಿ 21. ಥಿಂದ್ ತೀರ್ಪಿಗೆ ನೂರು ವರ್ಷ ತುಂಬಿ ಎರಡು ದಿನ. ಅವತ್ತು ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು; ಅಮೆರಿಕದ ನಗರಗಳಲ್ಲಿ ಅದೇ ಮೊದಲು. ಥಿಂದ್ ಹಡಗಿನಿಂದ ಇಳಿದ ಊರು. ವಿರೋಧಿಸಲು ಬಂದವರಲ್ಲೂ ಭಾರತೀಯ ಮೂಲದವರಿದ್ದರು, ಬೆಂಬಲಿಸಲು ಬಂದವರಲ್ಲೂ ಇದ್ದರು. ಕ್ಯಾಲಿಫೋರ್ನಿಯಾ ರಾಜ್ಯದ ಅಂಥದ್ದೇ ಮಸೂದೆಗೆ ಅದೇ ವರ್ಷ ರಾಜ್ಯಪಾಲರು ಸಹಿ ಹಾಕದೆ ವಾಪಸ್ ಕಳಿಸಿದರು.

ನನ್ನ ಅಕ್ಕ ಟೆಕ್ಸಸ್‌ನಲ್ಲಿದ್ದಾಳೆ. ಎರಡು ವರ್ಷದ ಹಿಂದೆ ಅವಳ ಮನೆಯಲ್ಲಿ ಎರಡು ತಿಂಗಳು ಇದ್ದೆ. ಭಾನುವಾರದ ಒಂದು ಊಟಕ್ಕೆ ಹತ್ತು ಹನ್ನೆರಡು ಕನ್ನಡದ ಕುಟುಂಬ ಸೇರಿದ್ದವು. ಬಿಸಿಬೇಳೆಬಾತು, ಕೋಸಂಬರಿ, ಹಿಂದೆ ಸಣ್ಣಗೆ ರಾಜಕುಮಾರ್ ಹಾಡು. ಗಡಿ ದಾಟಿ ಬರುವವರ ಮಾತು ಬಂತು. ನನಗಿಂತ ಚಿಕ್ಕವರೊಬ್ಬರು ಮೊಸರನ್ನ ಕಲಸುತ್ತ ಹೇಳಿದರು: ‘ಅವ್ರ ಥರ ಅಲ್ಲ ಸಾರ್ ನಾವು. ನಾವು ಓದ್ಕೊಂಡು, ಕ್ಯೂನಲ್ಲಿ ನಿಂತು ಬಂದೋರು. ಇಲ್ಲಿನವ್ರಿಗೂ ಆ ವ್ಯತ್ಯಾಸ ಗೊತ್ತು.’ ಯಾರೂ ಮರುಮಾತು ಆಡಲಿಲ್ಲ, ನಾನೂ ಆಡಲಿಲ್ಲ. ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದವನು ಮೆಕ್ಸಿಕೋದವನು. ಅವನಿಗೆ ಆ ವ್ಯತ್ಯಾಸ ಗೊತ್ತಿತ್ತೋ ಏನೋ. ಆ ಮನುಷ್ಯನನ್ನು ಕೆಟ್ಟವರು ಎನ್ನಲಾರೆ, ನನ್ನನ್ನು ಏರ್‌ಪೋರ್ಟಿಗೆ ಬಿಟ್ಟು ಬಂದವರು ಅವರೇ. ಆದರೆ ಅವರ ಬಾಯಿಂದ ಬಂದದ್ದು 1923ರ ವಾದಪತ್ರದ ವಾಕ್ಯ. ಕನ್ನಡದಲ್ಲಿತ್ತು, ಅಷ್ಟೇ.

ಇನ್ನು ರಕ್ತದ ವಿಷಯ.

‘ಸೈನ್ಯದಲ್ಲಿ ದುಡಿದವನಿಗೇ ಪೌರತ್ವ ಕೊಡಲಿಲ್ಲವಲ್ಲ’ ಎಂದು ನಾವು ಮರುಗುತ್ತೇವೆ. ಆ ‘ಗೇ’ ಪ್ರತ್ಯಯದಲ್ಲಿ ಒಂದು ಒಪ್ಪಿಗೆ ಅಡಗಿದೆ: ದುಡಿಯದವನಿಗೆ ಕೊಡದಿದ್ದರೆ ನಡೆಯುತ್ತಿತ್ತು ಎಂದು. ಥಿಂದ್ ತೀರ್ಪಿನ ನಂತರ ಸರ್ಕಾರ ಹತ್ತಾರು ಭಾರತೀಯರ ಪೌರತ್ವ ಕಿತ್ತುಕೊಳ್ಳಲು ಹೊರಟಿತು. ಅವರಲ್ಲಿ ವೈಷ್ಣೋದಾಸ್ ಬಾಗೈ ಒಬ್ಬರು. 1915ರಲ್ಲಿ ಹೆಂಡತಿ ಮತ್ತು ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್‌ಫ್ರಾನ್ಸಿಸ್ಕೋಗೆ ಬಂದು ಅಂಗಡಿ ಇಟ್ಟವರು. ಪೌರತ್ವ ಹೋಯಿತು. ಪೌರತ್ವವಿಲ್ಲದವರು ಆಸ್ತಿ ಇಟ್ಟುಕೊಳ್ಳದಂತೆ ತಡೆಯುವ ಕ್ಯಾಲಿಫೋರ್ನಿಯಾದ ಕಾನೂನಿನಿಂದ ಮನೆ, ಅಂಗಡಿ ಹೋದವು. ಭಾರತಕ್ಕೆ ಒಮ್ಮೆ ಹೋಗಿ ಬರಲು ಪಾಸ್‌ಪೋರ್ಟ್ ಕೇಳಿದರೆ ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿಕೊಳ್ಳಿ ಎಂದರು. ಬ್ರಿಟಿಷರ ವಿರುದ್ಧ ಗದರ್ ಚಳವಳಿಗೆ ನೆರವಾಗಿದ್ದವರು ಅವರು, ಒಪ್ಪಲಿಲ್ಲ. 1928ರಲ್ಲಿ ಗ್ಯಾಸ್ ಬಿಟ್ಟುಕೊಂಡು ಪ್ರಾಣ ಬಿಟ್ಟರು. ಜಗತ್ತಿಗೆ ಬರೆದ ಪತ್ರ ಸ್ಯಾನ್‌ಫ್ರಾನ್ಸಿಸ್ಕೋದ ಪತ್ರಿಕೆಯಲ್ಲಿ ಅಚ್ಚಾಯಿತು. ಬಾಗೈ ಸಮವಸ್ತ್ರ ತೊಟ್ಟವರಲ್ಲ. ಅಂಗಡಿ ನಡೆಸಿದರು, ಮಕ್ಕಳನ್ನು ಶಾಲೆಗೆ ಕಳಿಸಿದರು. ಅವರ ಬಗ್ಗೆ ಯಾವ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಕೇಳಿದ್ದೀರಿ? ಬಂದೂಕು ಹಿಡಿಯದವನ ಅನ್ಯಾಯಕ್ಕೆ ನಮ್ಮಲ್ಲೂ ಚಪ್ಪಾಳೆಯಿಲ್ಲ.

ಹೋಗಲಿ, ದುಡಿದವರಿಗಾದರೂ ಸಿಕ್ಕಿತೇ? ಹಿದೆಮಿತ್ಸು ಟೊಯೋಟಾ ಎಂಬ ಜಪಾನಿ ಮೂಲದವನು ಅಮೆರಿಕದ ಕರಾವಳಿ ಕಾವಲು ಪಡೆಯಲ್ಲಿ ವರ್ಷಗಟ್ಟಲೆ ದುಡಿದ. 1918ರ ಸೈನಿಕ ಕಾಯ್ದೆಯನ್ನೇ ಹಿಡಿದುಕೊಂಡು ಸುಪ್ರೀಂ ಕೋರ್ಟಿಗೆ ಹೋದ. 1925ರಲ್ಲಿ ಅವನನ್ನೂ ಹೊರಹಾಕಿದರು. ಸೇವೆ ಮಾಡಿದ ವಿದೇಶೀಯ ಎಂದು ಕಾಯ್ದೆ ಹೇಳಿದರೂ ಅದು ಬಿಳಿಯ ವಿದೇಶೀಯನಿಗೆ, ಫಿಲಿಪಿನೊಗಳಂಥ ಕೆಲವರಿಗೆ ಮಾತ್ರ ಎಂದು ಅರ್ಥ ಮಾಡಲಾಯಿತು.

ಕೊನೆಗೆ ಬಾಗಿಲು ತೆರೆದದ್ದು 1935ರ ಜೂನ್ 24ರಂದು, ನೈ–ಲೀ ಕಾಯ್ದೆಯಿಂದ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇವೆ ಮಾಡಿದ ಏಷ್ಯಾ ಮೂಲದವರಿಗೆ ಪೌರತ್ವ. ಸುಮಾರು 500 ಮಂದಿಗೆ ಸಂಬಂಧಿಸಿದ ವಿಷಯ. ಅದರಡಿ ಮರುವರ್ಷ ನ್ಯೂಯಾರ್ಕಿನಲ್ಲಿ ಥಿಂದ್ ಮೂರನೇ ಸಲ ಅಮೆರಿಕದ ಪ್ರಜೆಯಾದ. ಈ ಕಾಯ್ದೆಗಾಗಿ ವಾಷಿಂಗ್ಟನ್ನಿನ ಕಚೇರಿಗಳ ಮೆಟ್ಟಿಲು ಸವೆಸಿದವರಲ್ಲಿ ಮುಖ್ಯನಾದವನು ಟೊಕುಟಾರೊ ಸ್ಲೋಕಮ್. ಜಪಾನಿನಲ್ಲಿ ಹುಟ್ಟಿ, ನಾರ್ತ್ ಡಕೋಟಾದಲ್ಲಿ ಬೆಳೆದು, ಫ್ರಾನ್ಸಿನ ರಣರಂಗದಲ್ಲಿ ನಿಜಕ್ಕೂ ಕಾದಿದ ಸಾರ್ಜೆಂಟ್ ಮೇಜರ್. ಗಮನಿಸಿ: ಥಿಂದ್ ವಾದಪತ್ರ ಯಾವ ‘ಮಂಗೋಲಾಯ್ಡ್’ ಪದವನ್ನು ಕೀಳೆಂದು ದೂರ ತಳ್ಳಿತ್ತೋ, ಆ ಕಾಲದ ಅದೇ ಜನಾಂಗಶಾಸ್ತ್ರ ಸ್ಲೋಕಮ್‌ನನ್ನು ಹಾಕಿದ್ದು ಅದೇ ಪೆಟ್ಟಿಗೆಗೆ. ಆರ್ಯ ರಕ್ತ ತೆರೆಯದ ಬಾಗಿಲನ್ನು ಆತ ತಳ್ಳಿ ತೆರೆದ. ಆ ಬಾಗಿಲಿನಿಂದ ನಮ್ಮ ‘ಮೇಲ್ಜಾತಿ’ಯ ಸಾರ್ಜೆಂಟ್ ಒಳಗೆ ಹೋದ. ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಸಂಗತಿ ಇದು. ನಮ್ಮ ಯಾವ ಫಾರ್ವರ್ಡಿನಲ್ಲೂ ಇದು ಇಲ್ಲ. 1936ರಲ್ಲಿ ಪೌರತ್ವ ಸಿಕ್ಕಿತು ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ.

ಹಾಗೆಂದು ಸ್ಲೋಕಮ್‌ನನ್ನು ಸಂತನನ್ನಾಗಿ ಮಾಡಬೇಕಿಲ್ಲ. ಪರ್ಲ್ ಹಾರ್ಬರ್ ಕಾಲಕ್ಕೆ ಆತ ಜಪಾನಿ ಸಮುದಾಯದವರ ಬಗ್ಗೆ ಪೊಲೀಸರಿಗೆ ವರದಿ ಒಪ್ಪಿಸುವ ಮಹಾ ದೇಶಭಕ್ತನಾಗಿದ್ದ. ಅಷ್ಟೆಲ್ಲ ಮಾಡಿದವನನ್ನು 1942ರಲ್ಲಿ ಏನು ಮಾಡಿದರು? ಉಳಿದ ಜಪಾನಿ ಮೂಲದವರ ಜೊತೆ ಮಾಂಜನಾರ್ ಬಂಧನ ಶಿಬಿರಕ್ಕೆ ಹಾಕಿದರು. ಪದಕ, ಕಾಯ್ದೆ, ಪೌರತ್ವ ಪತ್ರ, ಚಾಡಿ ಯಾವುದೂ ಮುಳ್ಳುತಂತಿಯನ್ನು ತಡೆಯಲಿಲ್ಲ.

ಸೈನ್ಯದ ಸೇವೆಯಿಂದ ಪೌರತ್ವ ‘ಗಳಿಸುವ’ ಲೆಕ್ಕಾಚಾರ ನನಗೆ ಒಗ್ಗದಿರುವುದು ಇದಕ್ಕೇ. ಗಳಿಸಿದ್ದನ್ನು ಕಳೆಯಬಹುದು. ಹುಟ್ಟಿನಿಂದ ಬಂದವನಿಗೆ ಕಳೆಯುವ ಭಯವಿಲ್ಲ. ಅಮೆರಿಕದಲ್ಲಿ 2003ರಿಂದ ಜಾರಿಯಲ್ಲಿರುವ ನಿಯಮವೊಂದಿದೆ: ಸೈನ್ಯದ ಸೇವೆಯ ಮೂಲಕ ಪೌರತ್ವ ಪಡೆದವನು ಐದು ವರ್ಷದ ಗೌರವಯುತ ಸೇವೆ ಮುಗಿಸುವ ಮೊದಲು ಕೆಟ್ಟ ಷರಾ ಬಿದ್ದು ಹೊರಬಂದರೆ, ಕೊಟ್ಟ ಪೌರತ್ವವನ್ನು ಹಿಂದಕ್ಕೆ ಪಡೆಯಬಹುದು. ಅದೇ ಬ್ಯಾರಕ್ಕಿನಲ್ಲಿ, ಪಕ್ಕದ ಮಂಚದಲ್ಲಿ ಮಲಗುವ ಓಹಾಯೋದ ಹುಡುಗ ಅದೇ ತಪ್ಪು ಮಾಡಿದರೆ ಕೆಲಸ ಕಳೆದುಕೊಳ್ಳುತ್ತಾನೆ, ಜೈಲಿಗೂ ಹೋಗಬಹುದು, ದೇಶ ಕಳೆದುಕೊಳ್ಳುವುದಿಲ್ಲ. ಪೌರತ್ವಕ್ಕೆ ಅರ್ಜಿ ಹಾಕದೆ ಉಳಿದವರ ಪಾಡು ಇನ್ನೂ ಬೇರೆ. ಹೆಕ್ಟರ್ ಬರಾಹಾಸ್ ಏಳು ವರ್ಷದವನಿದ್ದಾಗ ಮೆಕ್ಸಿಕೋದಿಂದ ಬಂದವನು, ಅಮೆರಿಕದ ಸೈನ್ಯದಲ್ಲಿ ಪ್ಯಾರಾಟ್ರೂಪರ್ ಆಗಿ ದುಡಿದವನು. ಸೇವೆಯ ನಂತರದ ಅಪರಾಧವೊಂದಕ್ಕೆ ಶಿಕ್ಷೆ ಅನುಭವಿಸಿದ ಮೇಲೆ ಗಡೀಪಾರು ಮಾಡಿದರು. ಆತ ಗಡಿಯಾಚೆ ಟಿಹುವಾನಾದಲ್ಲಿ ತನ್ನಂತೆಯೇ ಗಡೀಪಾರಾದ ಮಾಜಿ ಸೈನಿಕರಿಗೆ ಒಂದು ಆಸರೆ ಮನೆ ತೆರೆದ. ರಾಜ್ಯಪಾಲರ ಕ್ಷಮಾದಾನ ಸಿಕ್ಕಿ, 2018ರಲ್ಲಿ ಪೌರತ್ವವೂ ಸಿಕ್ಕಿತು. ಅಂಥ ಮನೆಯೊಂದು ಬೇಕಾಗಿ ಬಂತು ಎಂಬುದೇ ಸಾಕಲ್ಲ.

ಇದು ಅಮೆರಿಕದ ಒಬ್ಬರ ಚಾಳಿ ಎಂದು ಸಮಾಧಾನಪಟ್ಟುಕೊಳ್ಳಬೇಡಿ. 2024ರ ಜನವರಿಯಲ್ಲಿ ರಷ್ಯಾ, ತನ್ನ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕುವ ವಿದೇಶೀಯರಿಗೆ, ಅವರ ಕುಟುಂಬಕ್ಕೂ ಬೇಗ ಪೌರತ್ವ ಕೊಡುವ ಆದೇಶ ಹೊರಡಿಸಿತು. ಅದರ ಹಿಂದೆಯೇ ನಮ್ಮ ಕಲಬುರಗಿಯ ಯುವಕರು ಅಲ್ಲಿ ಸಿಕ್ಕಿಕೊಂಡ ಸುದ್ದಿ ಬಂತು. ಏಜೆಂಟರು ಹೇಳಿದ್ದು ಸೆಕ್ಯುರಿಟಿ, ಸಹಾಯಕನ ಕೆಲಸ. ಹೋದ ಮೇಲೆ ಕೈಗೆ ಬಂದದ್ದು ಬಂದೂಕು, ಕಳಿಸಿದ್ದು ಯುಕ್ರೇನಿನ ಗಡಿಗೆ. ಅಪ್ಪ ಅಮ್ಮಂದಿರು ತಿಂಗಳುಗಟ್ಟಲೆ ಮಂತ್ರಿಗಳ ಬಾಗಿಲು ಕಾದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಹುಡುಗರು ಮನೆಗೆ ಬಂದರು. ಕಲಬುರಗಿಯ ಈ ಹುಡುಗರನ್ನು ನಾವು ‘ಹೊರನಾಡಿನ ಸಾಧಕರ’ ಪಟ್ಟಿಗೆ ಸೇರಿಸುವುದಿಲ್ಲ, ಮೋಸ ಹೋದವರು ಎನ್ನುತ್ತೇವೆ. ಥಿಂದ್ ತಾನಾಗಿ ಹೋಗಿ ಸೇರಿದವನು, ಇವರು ಮೋಸಕ್ಕೆ ಬಿದ್ದವರು. ವ್ಯತ್ಯಾಸ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಎರಡೂ ಕಡೆ ಗಿರಾಕಿಯಾಗಿ ನಿಂತ ಸರ್ಕಾರಕ್ಕೆ ಬೇಕಾಗಿದ್ದದ್ದು ಒಂದು ಮೈ.

ಇಷ್ಟು ಬಿಸಿಯಾಗಿ ಬರೆಯಲು ಇನ್ನೊಂದು ಕಾರಣ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅಕ್ಕನ ಮಗ ಗ್ರೀನ್ ಕಾರ್ಡಿನ ಮೇಲೆ ಅಮೆರಿಕದ ಸೈನ್ಯ ಸೇರುತ್ತಿದ್ದಾನೆ. ಇಪ್ಪತ್ಮೂರು ವರ್ಷ. ಪೌರತ್ವ ಬೇಗ ಸಿಗುತ್ತದೆ, ಮುಂದೆ ಓದಲು ದುಡ್ಡು ಕೊಡುತ್ತಾರೆ ಎನ್ನುತ್ತಾನೆ. ಅಕ್ಕ ಫೋನಿನಲ್ಲಿ ಅಳುತ್ತಾಳೆ, ಮರುಕ್ಷಣ ಹೆಮ್ಮೆಪಡುತ್ತಾಳೆ, ಕೊನೆಗೆ ‘ನೀನಾದ್ರೂ ಒಂದು ಮಾತು ಹೇಳೋ’ ಎನ್ನುತ್ತಾಳೆ. ಬೇಡ ಎನ್ನಲು ನನಗೆ ಯಾವ ಹಕ್ಕಿದೆ? ಅವನು ದೊಡ್ಡವನು. ಕೊಡಗಿನ ಮನೆಗಳ ಗೋಡೆಗಳಲ್ಲಿ ಎಷ್ಟು ಸಮವಸ್ತ್ರದ ಫೋಟೋ ನೋಡಿಲ್ಲ ನಾವು. ಸೈನಿಕನ ಕಸುಬಿಗೆ ಮರ್ಯಾದೆ ಇದೆ. ನನ್ನ ತಕರಾರು ಕಸುಬಿನ ಮೇಲಿಲ್ಲ, ಕಸುಬಿನ ಜೊತೆ ಕಟ್ಟಿಕೊಟ್ಟ ಆ ಚೀಟಿಯ ಮೇಲಿದೆ.

ಮೊನ್ನೆ ಅವನಿಗೆ ಥಿಂದ್ ಕಥೆ ಹೇಳಿದೆ. ಅವನಿಗೂ ಆ ಮೊದಲರ್ಧ ಮಾತ್ರ ಗೊತ್ತಿತ್ತು; ಯಾವುದೋ ಗ್ರೂಪಿನಲ್ಲಿ ಪೇಟದ ಫೋಟೋ ಬಂದಿತ್ತಂತೆ. ವಾದಪತ್ರದ ಮಾತು ಹೇಳಿದಾಗ ಸುಮ್ಮನಾದ. ಐದು ವರ್ಷದ ನಿಯಮ ಹೇಳಿದಾಗ ನಕ್ಕ. ‘ಮಾವ, ನಾನೇನು ತಪ್ಪು ಮಾಡ್ತೀನಿ ಅಂತೀರಾ?’ ಎಂದ. ಇಲ್ಲಪ್ಪ ಎಂದೆ. ‘ಆ ಸ್ಲೋಕಮ್ ಅನ್ನೋರ ಹೆಸರು ಸ್ಪೆಲ್ಲಿಂಗ್ ಕಳಿಸಿ’ ಎಂದ. ಕಳಿಸಿದೆ. ಆ ಭಾಷಣದ ಹುಡುಗಿಗೂ ಕಳಿಸಬೇಕು. ಕಾಲೇಜಿಗೆ ಫೋನ್ ಮಾಡಿದ್ದೆ, ಪರೀಕ್ಷೆ ರಜೆಯಂತೆ, ಸೋಮವಾರ ಮಾಡಿ ಎಂದರು.